ಮಗುವನ್ನು ಹುಡುಕಲು ಹೊರಟ ಶಾಲೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಶಾಲಾ ಕಾನೂನಿನಲ್ಲಿ 1971ರವರೆಗೂ ಒಂದು ವಿಚಿತ್ರ ಅಳತೆಗೋಲು ಇತ್ತು. ಒಂದನೇ ತರಗತಿ ಶುರುವಾಗುವ ಹೊತ್ತಿಗೆ ಮಗುವಿನ ‘ಮಾನಸಿಕ ವಯಸ್ಸು’ ಐದು ತುಂಬಿರದಿದ್ದರೆ ಅದನ್ನು ಸೇರಿಸಿಕೊಳ್ಳದೆ ವಾಪಸು ಕಳಿಸುವ ಅಧಿಕಾರ ಶಾಲಾ ಮಂಡಳಿಗೆ ಇತ್ತು. ಬುದ್ಧಿ ಬೆಳೆಸುವುದಕ್ಕೆಂದೇ ಇರುವ ಶಾಲೆ, ಆಗಲೇ ಬೆಳೆದ ಬುದ್ಧಿಯನ್ನು ಪ್ರವೇಶ ಶುಲ್ಕವಾಗಿ ಕೇಳುತ್ತಿತ್ತು. ಈಜು ಬಂದಮೇಲೆ ನೀರಿಗಿಳಿ ಎಂದ ಹಾಗೆ. ಇದಾಗಿ ಇಪ್ಪತ್ತೇ ವರ್ಷಗಳಲ್ಲಿ ಅದೇ ದೇಶದಲ್ಲಿ ಬೇರೊಂದು ಕಾನೂನು ಎಲ್ಲ ರಾಜ್ಯಗಳಿಗೂ ಹಬ್ಬಿತು: ಮೂರು ತುಂಬಿದ ಮಗುವಿಗೆ ಮಾತು, ನಡಿಗೆ, ಗ್ರಹಿಕೆ ಯಾವುದರಲ್ಲಾದರೂ ತೊಡಕಿದ್ದರೆ ಊರಿನ ಸರ್ಕಾರಿ ಶಾಲಾ ಮಂಡಳಿಯೇ ಅದನ್ನು ಪತ್ತೆ ಹಚ್ಚಿ, ಖರ್ಚಿಲ್ಲದೆ ಪರೀಕ್ಷಿಸಿ, ಆ ಮಗುವಿಗೆಂದೇ ಯೋಜನೆ ಬರೆದು, ಪಾಠ, ಸ್ಪೀಚ್ ಥೆರಪಿ, ಬಸ್ಸು ಎಲ್ಲವನ್ನೂ ಪುಕ್ಕಟೆ ಕೊಡಬೇಕು. ಇಂದು ಸುಮಾರು ಐದು ಲಕ್ಷ ಪುಟಾಣಿಗಳು ಈ ಕಾನೂನಿನಡಿ ಸೇವೆ ಪಡೆಯುತ್ತಿದ್ದಾರೆ. ಈ ಬದಲಾವಣೆಯನ್ನು ಸಾಮಾನ್ಯವಾಗಿ ವಿಜ್ಞಾನದ ಗೆಲುವು ಎಂದೋ ಸಿರಿವಂತ ದೇಶವೊಂದರ ಉದಾರತನ ಎಂದೋ ವಿವರಿಸುತ್ತಾರೆ. ಇತಿಹಾಸವನ್ನು ಇಸವಿಗಳ ಸಮೇತ ಮುಂದಿಟ್ಟುಕೊಂಡರೆ ಈ ಎರಡು ವಿವರಣೆಗಳೂ ನಿಲ್ಲುವುದಿಲ್ಲ. ನಿಜವಾಗಿ ಬದಲಾದದ್ದು ಯಾರು ಯಾರ ಬಾಗಿಲಿಗೆ ಹೋಗಬೇಕು ಎಂಬ ಪ್ರಶ್ನೆಯ ಉತ್ತರ. ಮಗು ಸಿದ್ಧವಾಗಿ ಶಾಲೆಗೆ ಬರಬೇಕು ಎಂಬುದು ಹಳೆಯ ನ್ಯಾಯ. ಶಾಲೆಯೇ ಮಗುವನ್ನು ಹುಡುಕಿ ಹೋಗಬೇಕು ಎಂಬುದು ಹೊಸದು.

ಹಳೆಯ ನ್ಯಾಯ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ನ್ಯಾಯಾಲಯದ ತೀರ್ಪುಗಳೇ ಸಾಕ್ಷಿ. 1893ರಲ್ಲಿ ಮೆಸಾಚುಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯ, ‘ಮಂದಬುದ್ಧಿ’ಯ ಹುಡುಗನೊಬ್ಬನನ್ನು ಹೊರಹಾಕಿದ ಕೇಂಬ್ರಿಜ್ ಊರಿನ ಶಾಲಾ ಸಮಿತಿಯ ಕ್ರಮವನ್ನು ಎತ್ತಿಹಿಡಿಯಿತು. 1919ರಲ್ಲಿ ವಿಸ್ಕಾನ್ಸಿನ್‌ನ ಆಂಟಿಗೋ ಎಂಬ ಊರಿನದು ಇನ್ನೂ ಕಟುವಾದ ಪ್ರಸಂಗ. ಅಲ್ಲಿನ ಹುಡುಗ ಓದಿನಲ್ಲಿ ಹಿಂದೆ ಬಿದ್ದವನೇ ಅಲ್ಲ. ಹುಟ್ಟಿನಿಂದ ಬಂದ ಪಾರ್ಶ್ವವಾಯುವಿನಿಂದ ಅವನ ಮಾತು ತೊದಲುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ಅವನನ್ನು ನೋಡುವುದು ಶಿಕ್ಷಕರಿಗೂ ಸಹಪಾಠಿಗಳಿಗೂ ಮನಸ್ಸು ಕುಗ್ಗಿಸುತ್ತದೆ ಎಂಬ ಕಾರಣಕ್ಕೆ ಶಾಲೆ ಬೇಡವೆಂದಿತು, ರಾಜ್ಯದ ಸರ್ವೋಚ್ಚ ನ್ಯಾಯಾಲಯ ಸರಿಯೆಂದಿತು. ಆರು ದಾಟಿದ ಮಗುವಿನ ಪಾಡೇ ಹೀಗಿರುವಾಗ ಮೂರರ ಮಗುವಿನ ಹೆಸರನ್ನು ಎತ್ತುವವರು ಯಾರು? ಮನೆಯಲ್ಲಿ ಇಟ್ಟುಕೊಳ್ಳಿ, ಇಲ್ಲವೇ ರಾಜ್ಯದ ದೊಡ್ಡ ಆಶ್ರಯಧಾಮಕ್ಕೆ ಒಪ್ಪಿಸಿ ಮರೆತುಬಿಡಿ ಎಂಬುದೇ ವೈದ್ಯರು ತಂದೆತಾಯಿಗೆ ಹೇಳುತ್ತಿದ್ದ ಬುದ್ಧಿಮಾತು. ನೊಬೆಲ್ ಪಡೆದ ಪರ್ಲ್ ಬಕ್ ತನ್ನ ಮಗಳ ಸ್ಥಿತಿಯ ಬಗ್ಗೆ ಬಹಿರಂಗವಾಗಿ ಬರೆದದ್ದು 1950ರಲ್ಲಿ. ಅಂಥ ಹೆಸರುಳ್ಳ ಲೇಖಕಿಗೂ ಅದನ್ನು ಆಡಲು ಅಷ್ಟು ವರ್ಷ ಬೇಕಾಯಿತು. ಆ ಹೊತ್ತಿಗೆ ಬೇರೆ ತಾಯಂದಿರು ಸದ್ದಿಲ್ಲದೆ ಕೆಲಸ ಶುರು ಮಾಡಿದ್ದರು. 1933ರಲ್ಲಿ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಸೀಮೆಯಲ್ಲಿ ಐವರು ತಾಯಂದಿರು ಕೂಡಿ ಕಟ್ಟಿದ ಸಂಘ, 1950ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದ ರಾಷ್ಟ್ರೀಯ ಪೋಷಕರ ಸಂಘ — ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಈ ವಂಶದವರೇ.

ವಿಜ್ಞಾನ ಏನು ಮಾಡುತ್ತಿತ್ತು? ಅದು ನಿದ್ದೆ ಮಾಡುತ್ತಿರಲಿಲ್ಲ, ಅದೇ ಇಲ್ಲಿನ ಸ್ವಾರಸ್ಯ. 1930ರ ದಶಕದಲ್ಲಿ ಐಯೊವಾ ರಾಜ್ಯದ ಅನಾಥಾಲಯವೊಂದರಿಂದ ಇಬ್ಬರು ಹೆಣ್ಣುಕೂಸುಗಳನ್ನು, ಇವು ಯಾವುದಕ್ಕೂ ಬಾರವು ಎಂದು ತೀರ್ಮಾನಿಸಿ, ಬುದ್ಧಿಮಾಂದ್ಯರ ಧಾಮಕ್ಕೆ ಸಾಗಿಸಿದರು. ಕೆಲವು ತಿಂಗಳ ನಂತರ ಮನಶ್ಶಾಸ್ತ್ರಜ್ಞ ಹೆರಲ್ಡ್ ಸ್ಕೀಲ್ಸ್ ಅಲ್ಲಿಗೆ ಹೋದಾಗ ಕಂಡದ್ದು ಆಡುತ್ತ, ನಗುತ್ತ ಓಡಾಡುವ ಎರಡು ಮಕ್ಕಳು. ವಾರ್ಡಿನಲ್ಲಿದ್ದ ಹೆಂಗಸರು, ಸ್ವತಃ ‘ಮಂದಬುದ್ಧಿ’ಯ ಹಣೆಪಟ್ಟಿ ಹೊತ್ತವರು, ಆ ಕೂಸುಗಳನ್ನು ಸೊಂಟದಿಂದ ಇಳಿಸಿರಲಿಲ್ಲ. ಸ್ಕೀಲ್ಸ್ ಮತ್ತು ಹೆರಲ್ಡ್ ಡೈ ಆಮೇಲೆ ಹೀಗೆ ಕಳಿಸಿದ 13 ಮಕ್ಕಳ ಬೆಳವಣಿಗೆಯನ್ನು, ಅನಾಥಾಲಯದಲ್ಲೇ ಉಳಿದ 12 ಮಕ್ಕಳದ್ದರ ಜೊತೆ ಹೋಲಿಸಿ 1939ರಲ್ಲಿ ಪ್ರಕಟಿಸಿದರು. ಹೋದವರ ಬುದ್ಧ್ಯಂಕ ಸರಾಸರಿ 27 ಅಂಕಗಳಿಗೂ ಹೆಚ್ಚು ಏರಿತ್ತು; ಉಳಿದವರದು ಹತ್ತಿರ ಹತ್ತಿರ ಅಷ್ಟೇ ಇಳಿದಿತ್ತು. ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್‌ನಂಥ ಬುದ್ಧಿಮಾಪನದ ಘಟಾನುಘಟಿಗಳು ಐಯೊವಾದವರ ಮೇಲೆ ಮುಗಿಬಿದ್ದರು. ಬುದ್ಧಿ ಹುಟ್ಟಿನಲ್ಲೇ ನಿಗದಿ, ಅದು ಮುದ್ದಿಗೆ ಬಗ್ಗುವುದಿಲ್ಲ ಎಂಬುದು ಅವರ ನಂಬಿಕೆ. ಪ್ರಯೋಗದ ವಿಧಾನದಲ್ಲಿ ದೋಷಗಳಿದ್ದದ್ದೂ ಹೌದು: ಮಕ್ಕಳು ಕಡಿಮೆ, ಎರಡು ಗುಂಪುಗಳನ್ನು ಚೀಟಿ ಎತ್ತಿ ಆರಿಸಿರಲಿಲ್ಲ. ಆದರೆ ಸ್ಕೀಲ್ಸ್ ಅದೇ ಮಕ್ಕಳನ್ನು ಮತ್ತೆ ಹುಡುಕಿ ತೆಗೆದು 1966ರಲ್ಲಿ ಫಲಿತಾಂಶ ಪ್ರಕಟಿಸಿದ. ಹದಿಮೂವರೂ ಸ್ವಂತ ಕಾಲ ಮೇಲೆ ನಿಂತಿದ್ದರು, ಸಾಮಾನ್ಯವಾಗಿ ಹೈಸ್ಕೂಲು ಮುಗಿಸಿದ್ದರು. ಇನ್ನೊಂದು ಗುಂಪಿನವರ ಓದು ಸಾಮಾನ್ಯವಾಗಿ ಮೂರನೇ ತರಗತಿಯನ್ನೂ ದಾಟಿರಲಿಲ್ಲ, ಕೆಲವರು ಇನ್ನೂ ಧಾಮಗಳಲ್ಲೇ ಇದ್ದರು.

ಇದರ ನಡುವೆ 1958ರಲ್ಲಿ ಇಲಿನಾಯ್‌ನ ಸ್ಯಾಮ್ಯುಯೆಲ್ ಕರ್ಕ್ ಮೂರರಿಂದ ಆರು ವರ್ಷದ, ಬುದ್ಧಿಮಾಂದ್ಯರೆಂದು ಗುರುತಿಸಿದ್ದ 81 ಮಕ್ಕಳ ಅಧ್ಯಯನ ಪ್ರಕಟಿಸಿದ. ಶಿಶುವಿಹಾರದ ಪಾಠ ಸಿಕ್ಕವರು ಸಿಗದವರಿಗಿಂತ ಮುಂದೆ ಹೋದರು ಎಂಬುದು ಅವನ ನಿರ್ಣಯ. ಹಾಗಾದರೆ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಮಾತಿಗೆ ಬೇಕಾದ ಪುರಾವೆ 1939ರಲ್ಲೇ ಹೊರಟು 1958ಕ್ಕೆ ಗಟ್ಟಿಯಾಗಿತ್ತು. ಎಲ್ಲ ರಾಜ್ಯಗಳನ್ನೂ ಕಟ್ಟಿಹಾಕುವ ಕಾನೂನು ಬಂದದ್ದು 1986ರಲ್ಲಿ. ಅರಿವಿಗೂ ಹಕ್ಕಿಗೂ ನಡುವೆ ಅರ್ಧ ಶತಮಾನದ ಅಂತರ. ಪುರಾವೆಯೇ ಕಾನೂನನ್ನು ಹುಟ್ಟಿಸುವುದಾಗಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ. ಪುರಾವೆ ಬೇಕಾಗಿತ್ತು, ನಿಜ. ಆದರೆ ಅದು ಬಂದೂಕಿನೊಳಗಿನ ಮದ್ದಿನಂತೆ, ಯಾರಾದರೂ ಕುದುರೆ ಎಳೆಯುವವರೆಗೆ ತಣ್ಣಗೆ ಬಿದ್ದಿತ್ತು.

ಅರುವತ್ತರ ದಶಕದಲ್ಲಿ ಸರ್ಕಾರ ಅಲ್ಲಲ್ಲಿ ಕೈಯಾಡಿಸಿ ನೋಡಿತು. 1965ರ ಬೇಸಿಗೆಯಲ್ಲಿ ಶುರುವಾದ ಹೆಡ್ ಸ್ಟಾರ್ಟ್ ಯೋಜನೆ ಬಡವರ ಮನೆಯ ಐದು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಶಿಶುವಿಹಾರಕ್ಕೆ ಕರೆತಂದಿತು. ಅಂಗವೈಕಲ್ಯವಿದ್ದ ಮಕ್ಕಳಿಗೆ ಅದರಲ್ಲಿ ಪಾಲು ಸಿಕ್ಕದ್ದು 1972ರ ತಿದ್ದುಪಡಿಯ ಮೇಲೆ: ಸ್ಥಾನಗಳಲ್ಲಿ ಕನಿಷ್ಠ ನೂರಕ್ಕೆ 10 ಅವರಿಗೆ. 1968ರಲ್ಲಿ, ಲಿಂಡನ್ ಜಾನ್ಸನ್ ಅಧಿಕಾರದ ಕೊನೆಯ ದಿನಗಳಲ್ಲಿ, ಈ ಎಳೆಯ ಮಕ್ಕಳಿಗಾಗಿಯೇ ಒಂದು ಕಾಯಿದೆ ಬಂತು. ಅದರಡಿ ಮರುವರ್ಷ 24 ಮಾದರಿ ಯೋಜನೆಗಳಿಗೆ ಹಣ ಸಂದಿತು. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಅರ್ಥಪೂರ್ಣ ಅನ್ನಿಸುವುದು ವಿಸ್ಕಾನ್ಸಿನ್‌ನ ಪೋರ್ಟೇಜ್ ಎಂಬ ಸಣ್ಣ ಊರಿನದು. ಹಳ್ಳಿಗಾಡು, ಒಂದು ಮನೆಯಿಂದ ಇನ್ನೊಂದಕ್ಕೆ ಮೈಲಿಗಟ್ಟಲೆ ದೂರ, ಒಂದೊಂದು ಮಗುವಿನ ತೊಡಕು ಒಂದೊಂದು ಬಗೆ. ಎಲ್ಲರನ್ನೂ ಒಂದು ಕೋಣೆಗೆ ತರುವುದು ಆಗದ ಮಾತು. ಹಾಗಾಗಿ ಟೀಚರೇ ವಾರಕ್ಕೊಮ್ಮೆ ಮನೆಗೆ ಹೋದರು. ತಾಯಿಗೆ ಒಂದೆರಡು ಸಣ್ಣ ಕೆಲಸ ತೋರಿಸುವುದು, ಚಮಚ ಹಿಡಿಯುವುದೋ ಎರಡು ಬಿಲ್ಲೆ ಜೋಡಿಸುವುದೋ. ವಾರವಿಡೀ ತಾಯಿ ಮಗುವಿಗೆ ಅದನ್ನು ಮಾಡಿಸಿ ಹಾಳೆಯಲ್ಲಿ ಗುರುತು ಹಾಕುವುದು. ಮುಂದಿನ ವಾರ ಅದರ ಮೇಲಿನ ಮೆಟ್ಟಿಲು. ಈ ವಿಧಾನ ಆಮೇಲೆ ಭಾರತವೂ ಸೇರಿ ಹತ್ತಾರು ದೇಶಗಳಿಗೆ ಹಬ್ಬಿತು. ಶಾಲೆ ಮಗುವಿನ ಮನೆಗೆ ನಡೆದುಹೋಗಬಹುದು ಎಂಬುದನ್ನು ಪೋರ್ಟೇಜ್ ಮಾಡಿ ತೋರಿಸಿತ್ತು. ಆದರೆ ಅದು ಮಾದರಿ ಮಾತ್ರ. ಪಕ್ಕದ ಜಿಲ್ಲೆಯ ತಾಯಿ ತನಗೂ ಬೇಕೆಂದು ಕೇಳಿದರೆ ಕೊಡಲೇಬೇಕೆಂಬ ಕಟ್ಟುಪಾಡು ಯಾರಿಗೂ ಇರಲಿಲ್ಲ.

ಕಟ್ಟುಪಾಡು ಬಂದದ್ದು ಮೊಕದ್ದಮೆಗಳಿಂದ. 1971ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಪೋಷಕರ ಸಂಘ, ಥಾಮಸ್ ಗಿಲ್‌ಹೂಲ್ ಎಂಬ ವಕೀಲನ ಮೂಲಕ, ಆ ‘ಮಾನಸಿಕ ವಯಸ್ಸಿನ’ ಕಾನೂನನ್ನೇ ಪ್ರಶ್ನಿಸಿ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಯಾವ ಮಗುವೂ ಕಲಿಕೆಗೆ ಹೊರತಲ್ಲ ಎಂದು ತಜ್ಞರು ಸಾಕ್ಷಿ ನುಡಿದ ಮೇಲೆ ರಾಜ್ಯ ಸರ್ಕಾರ ವಾದಕ್ಕೆ ನಿಲ್ಲದೆ ರಾಜಿಗೆ ಒಪ್ಪಿತು. ಸ್ಕೀಲ್ಸ್ ಮತ್ತು ಕರ್ಕ್ ಪಕ್ಕಕ್ಕಿಟ್ಟು ಹೋದ ಮದ್ದು ಸಿಡಿದದ್ದು ಇಂಥ ಕೋರ್ಟಿನಲ್ಲೇ. ಆ ರಾಜಿ ಆದೇಶದ ಎರಡು ಅಂಶಗಳು ನಮ್ಮ ವಿಷಯಕ್ಕೆ ಮುಖ್ಯ. ಆರು ತುಂಬದ ಸಾಮಾನ್ಯ ಮಕ್ಕಳಿಗೆ ಕಿಂಡರ್‌ಗಾರ್ಟನ್ ಅಥವಾ ಯಾವುದೇ ಹೆಸರಿನ ಶಿಶುಶಿಕ್ಷಣ ಕೊಡುವ ಕಡೆಯಲ್ಲೆಲ್ಲ ಅದೇ ವಯಸ್ಸಿನ ಬುದ್ಧಿಮಾಂದ್ಯ ಮಗುವಿಗೂ ಕೊಡಬೇಕು, ಇದು ಒಂದು. ಇನ್ನೊಂದು, ಹೊರಗುಳಿದ ಮಕ್ಕಳು ಎಲ್ಲೆಲ್ಲಿದ್ದಾರೆಂದು ರಾಜ್ಯವೇ ಹುಡುಕಿ ಗುರುತಿಸಬೇಕು. ‘ಹುಡುಕು’ ಎಂಬ ಕ್ರಿಯಾಪದ ಶಾಲೆಯ ಕರ್ತವ್ಯಗಳ ಪಟ್ಟಿಗೆ ಸೇರಿದ್ದು ಹೀಗೆ. ಮರುವರ್ಷ, 1972ರ ಆಗಸ್ಟ್‌ನಲ್ಲಿ, ರಾಜಧಾನಿ ವಾಷಿಂಗ್ಟನ್‌ನ ಏಳು ಮಕ್ಕಳ ಪರವಾಗಿ ಬಂದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಜೋಸೆಫ್ ವಾಡಿ ತೀರ್ಪು ಕೊಟ್ಟ. ನಮ್ಮಲ್ಲಿ ದುಡ್ಡಿಲ್ಲ ಎಂದು ಶಾಲಾ ಮಂಡಳಿ ಕೈಚೆಲ್ಲಿತ್ತು. ದುಡ್ಡು ಸಾಲದಿದ್ದರೆ ಇರುವುದನ್ನು ಎಲ್ಲರಿಗೂ ಹಂಚಿ, ಕೊರತೆಯ ಭಾರವನ್ನೆಲ್ಲ ಅಂಗವಿಕಲ ಮಗುವಿನ ಮೇಲೆಯೇ ಹೇರಬೇಡಿ ಎಂಬುದು ತೀರ್ಪಿನ ತಿರುಳು. ಬಡ ಮನೆಯಲ್ಲೂ ಅನ್ನ ಕಮ್ಮಿಯಾದರೆ ಒಂದೇ ಮಗುವಿನ ತಟ್ಟೆಯನ್ನು ಕಿತ್ತುಕೊಳ್ಳುವುದಿಲ್ಲವಷ್ಟೆ.

ಈ ತೀರ್ಪುಗಳ ಬೆನ್ನಿಗೇ ಬಂದದ್ದು 1975ರ ಪ್ರಸಿದ್ಧ ಕಾಯಿದೆ, ಈಗ ಐಡಿಇಎ ಎಂಬ ಹೆಸರಿನಲ್ಲಿ ಬಳಕೆಯಲ್ಲಿರುವುದು. ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಅಂಗವಿಕಲ ಮಕ್ಕಳಿದ್ದಾರೆ, ಅರ್ಧಕ್ಕಿಂತ ಹೆಚ್ಚಿನವರಿಗೆ ಸರಿಯಾದ ಶಿಕ್ಷಣವಿಲ್ಲ, 10 ಲಕ್ಷ ಮಕ್ಕಳು ಸರ್ಕಾರಿ ಶಾಲೆಯಿಂದ ಪೂರ್ತಿ ಹೊರಗಿದ್ದಾರೆ ಎಂದು ಕಾಯಿದೆಯ ಪೀಠಿಕೆಯಲ್ಲೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಒಪ್ಪಿಕೊಂಡಿತು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ನವೆಂಬರ್ 29ರಂದು ಸಹಿಯನ್ನೇನೋ ಹಾಕಿದ. ಕೊಡಲಾಗದಷ್ಟನ್ನು ಮಾತು ಕೊಡುತ್ತಿದ್ದೇವೆ ಎಂದು ಜೊತೆಗೇ ಗೊಣಗಿದ. ಕಾಯಿದೆ ಮೂರು ವರ್ಷದಿಂದ ಹಿಡಿದು ಮಕ್ಕಳನ್ನು ಒಳಗೊಳ್ಳುವಂತೆ ಕಂಡರೂ ಅದರಲ್ಲೊಂದು ಕಿಂಡಿ ಇತ್ತು. ಮೂರರಿಂದ ಐದರ ಮಕ್ಕಳಿಗೆ ಶಿಕ್ಷಣ ಕೊಡುವುದು ತನ್ನ ಕಾನೂನಿಗೋ ರೂಢಿಗೋ ಹೊಂದದಿದ್ದರೆ ರಾಜ್ಯ ಕೊಡದೆ ಇರಬಹುದು. ಕೊಟ್ಟರೆ ತಲಾ 300 ಡಾಲರ್‌ವರೆಗೆ ಪ್ರೋತ್ಸಾಹಧನ. ಸಾಮಾನ್ಯ ಮೂರರ ಮಗುವಿಗೇ ಸರ್ಕಾರಿ ಶಾಲೆ ಇಲ್ಲದ ದೇಶದಲ್ಲಿ ‘ಸಮಾನತೆ’ಯ ವಾದ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು: ಯಾರಿಗೂ ಇಲ್ಲದ್ದನ್ನು ಇವರಿಗೇಕೆ ಕೊಡಬೇಕು? ಆದರೆ ಕಾಯಿದೆ ಬರೆದವರು ಒಂದು ಎಳೆಯನ್ನು ಬಿಟ್ಟಿದ್ದರು. ಕಲಿಸುವ ಕರ್ತವ್ಯಕ್ಕೆ ವಿನಾಯಿತಿ ಇತ್ತು, ಹುಡುಕುವ ಕರ್ತವ್ಯಕ್ಕೆ ಇರಲಿಲ್ಲ. ‘ಚೈಲ್ಡ್ ಫೈಂಡ್’ ಎಂದು ಹೆಸರಾದ ಆ ನಿಯಮ ಹುಟ್ಟಿದ ಕೂಸಿನಿಂದಲೇ ಅನ್ವಯ. ಹೀಗಾಗಿ ಎಳೆಯ ಮಕ್ಕಳಿಗೆ ಏನನ್ನೂ ಕೊಡದ ರಾಜ್ಯಗಳೂ ತಮ್ಮಲ್ಲಿ ಅಂಥವರು ಎಷ್ಟಿದ್ದಾರೆಂದು ಹುಡುಕಬೇಕಾಯಿತು. ಹುಡುಕಿ ಹೆಸರು ಬರೆದುಕೊಂಡ ಮೇಲೆ, ಮೂರು ವರ್ಷ ಬಿಟ್ಟು ಬನ್ನಿ ಎನ್ನುವುದು ದಿನದಿನಕ್ಕೂ ನಾಚಿಕೆಗೇಡಾಗುತ್ತದೆ. 1986ರ ಕಾನೂನಿನ ಬೇರು ನನ್ನ ಪ್ರಕಾರ ಈ ನಾಚಿಕೆಯಲ್ಲಿದೆ.

ಆ ವರ್ಷ ಅಕ್ಟೋಬರ್ 8ರಂದು ರೊನಾಲ್ಡ್ ರೇಗನ್ ಸಹಿ ಹಾಕಿದ ತಿದ್ದುಪಡಿ ಕಿಂಡಿಯನ್ನು ಮುಚ್ಚಿತು. ಅದರ ಹಿಂದೆ ದುಡಿದವರಲ್ಲಿ ಮುಖ್ಯನಾದ ಕನೆಕ್ಟಿಕಟ್‌ನ ಸೆನೆಟರ್ ಲೊವೆಲ್ ವೈಕರ್ ರೇಗನ್‌ನ ಪಕ್ಷದವನೇ. ಡೌನ್ ಸಿಂಡ್ರೋಮ್ ಇದ್ದ ಮಗನ ತಂದೆ. ಕಾನೂನಿನ ತಂತ್ರವನ್ನು ಗಮನಿಸಬೇಕು. ಹೊಸದಾಗಿ ಸೇರಿಸಿಕೊಂಡ ಪ್ರತಿ ಮಗುವಿಗೆ ಮೊದಮೊದಲು 3,800 ಡಾಲರ್‌ವರೆಗೆ ಕೊಡುವ ಆಸೆ ಒಂದು ಕೈಯಲ್ಲಿ. ಗಡುವಿನೊಳಗೆ ಮೂರರಿಂದ ಐದರ ಎಲ್ಲ ಮಕ್ಕಳಿಗೂ ಶಿಕ್ಷಣ ಖಾತ್ರಿ ಮಾಡದಿದ್ದರೆ ಈ ವಯಸ್ಸಿನವರ ಲೆಕ್ಕದಲ್ಲಿ ಬರುವ ಕೇಂದ್ರದ ಹಣವೆಲ್ಲ ಖೋತಾ ಎಂಬ ಚಾಟಿ ಇನ್ನೊಂದು ಕೈಯಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಎಲ್ಲ ರಾಜ್ಯಗಳೂ ಒಳಗೆ ಬಂದವು. ಮೂರಕ್ಕಿಂತ ಚಿಕ್ಕವರಿಗೆ ಬೇರೆಯೇ ವಿಭಾಗ ತೆರೆಯಿತು. ಅಲ್ಲಿ ಯೋಜನೆ ಬರೆಯುವುದು ಮಗುವೊಂದಕ್ಕೇ ಅಲ್ಲ, ಇಡೀ ಕುಟುಂಬಕ್ಕೆ. ಹಣವೇ ಇದನ್ನೆಲ್ಲ ಮಾಡಿತಲ್ಲವೆ ಎಂದು ಇಲ್ಲಿ ಆಕ್ಷೇಪ ಏಳಬಹುದು. ಹಣ ರಾಜ್ಯಗಳನ್ನು ಒಳಗೆ ಎಳೆದದ್ದು ಸುಳ್ಳಲ್ಲ. ಆದರೆ ಅವುಗಳನ್ನು ಒಳಗೇ ಉಳಿಸಿದ್ದು ಹಣವಲ್ಲ. ವಿಶೇಷ ಶಿಕ್ಷಣಕ್ಕಾಗಿ, ಒಬ್ಬ ವಿದ್ಯಾರ್ಥಿಯ ಮೇಲಿನ ರಾಷ್ಟ್ರೀಯ ಸರಾಸರಿ ವೆಚ್ಚದ ನೂರಕ್ಕೆ 40ರಷ್ಟನ್ನು ಕೇಂದ್ರ ಭರಿಸುತ್ತದೆ ಎಂದು 1975ರಲ್ಲಿ ಕೊಟ್ಟ ಮಾತು ಇಂದಿಗೂ ಬಾಕಿ. ಸಾಮಾನ್ಯ ವರ್ಷಗಳಲ್ಲಿ ಅದರ ಅರ್ಧವನ್ನೂ ಮುಟ್ಟಿಲ್ಲ. ಹಣ ಬಾರದೆ ಹೋದರೂ ಕರ್ತವ್ಯ ಹೋಗಲಿಲ್ಲ, ಏಕೆಂದರೆ ಪೋಷಕರ ಕೈಯಲ್ಲಿ ದೂರು ಕೊಡುವ, ವಿಚಾರಣೆ ಕೇಳುವ ಹಕ್ಕಿತ್ತು. 1989ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಶಾಲಾ ಮಂಡಳಿಯೊಂದು, ಈ ಹುಡುಗನ ವೈಕಲ್ಯ ಎಷ್ಟು ತೀವ್ರವೆಂದರೆ ಶಿಕ್ಷಣದಿಂದ ಅವನಿಗೆ ಲಾಭವೇ ಇಲ್ಲ ಎಂದು ವಾದಿಸಿದಾಗ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಲಾಭವಾಗುತ್ತದೆಂದು ಸಾಬೀತು ಮಾಡುವುದು ಮಗುವಿನ ಕೆಲಸವಲ್ಲ. ಪೆನ್ಸಿಲ್ವೇನಿಯಾದ ಹಳೆಯ ಅಳತೆಗೋಲು ಮುರಿದದ್ದು ಅಲ್ಲಿ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ತೊಟ್ಟಿಲಿನವರೆಗೂ ಸರ್ಕಾರ ಬಂದು ಮಗುವಿನ ಹಣೆಗೆ ಚೀಟಿ ಅಂಟಿಸುವುದು ಒಳ್ಳೆಯದೆ? ಅವರಪ್ಪನೂ ಮಾತು ಕಲಿತದ್ದು ತಡವಾಗಿಯೇ ಎಂದು ನಮ್ಮ ಅಜ್ಜಿಯರು ಹೇಳುವುದರಲ್ಲಿ ಬರೀ ಅಜ್ಞಾನವಿಲ್ಲ. ಮೂರರ ವಯಸ್ಸಿನ ತೊಡಕುಗಳಲ್ಲಿ ಕೆಲವು ತಾವಾಗಿ ಕರಗುತ್ತವೆ, ಅಂಟಿಸಿದ ಹೆಸರು ಮಾತ್ರ ಕರಗುವುದಿಲ್ಲ. ಅಮೆರಿಕದ ಅನುಭವವೂ ಈ ಭಯಕ್ಕೆ ಆಧಾರ ಕೊಡುತ್ತದೆ. 1970ರಲ್ಲಿ ಕ್ಯಾಲಿಫೋರ್ನಿಯಾದ ಸ್ಪ್ಯಾನಿಷ್ ಮಾತಾಡುವ ಒಂಬತ್ತು ಮಕ್ಕಳ ಪರವಾಗಿ ಒಂದು ಮೊಕದ್ದಮೆ ಬಂತು. ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿ ಅವರನ್ನು ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಮನೆಮಾತಿನಲ್ಲಿ ಮತ್ತೆ ಪರೀಕ್ಷಿಸಿದಾಗ ಅವರ ಅಂಕಗಳು ಸರಸರನೆ ಏರಿದವು. ಆದರೆ ಈ ಆಕ್ಷೇಪ ಕಾನೂನನ್ನು ಕೆಡವಲಿಲ್ಲ, ತಿದ್ದಿತು. ಮಗುವಿನ ಮಾತೃಭಾಷೆಯಲ್ಲೇ ಪರೀಕ್ಷೆ ನಡೆಯಬೇಕು ಎಂಬ ನಿಯಮ ಸೇರಿತು. ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿ ಬೆಳೆದ ಕೂಸು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮೂರಕ್ಕೆ ಬಂದಾಗ ‘ಇಂಗ್ಲಿಷ್ ಬಾರದ್ದು’ ಮತ್ತು ‘ಮಾತು ಬಾರದ್ದು’ ಎರಡೂ ಒಂದಲ್ಲ ಎಂದು ಅದರ ತಂದೆತಾಯಿ ಹೇಳಬಲ್ಲದ್ದು, ಕನ್ನಡದ ದುಭಾಷಿ ಬೇಕೆಂದು ಕೇಳಬಲ್ಲದ್ದು ಈ ನಿಯಮದ ಬಲದಿಂದ. 1991ರಲ್ಲಿ ಮೂರರಿಂದ ಐದರವರಿಗೆ ‘ಬೆಳವಣಿಗೆಯಲ್ಲಿ ವಿಳಂಬ’ ಎಂಬ ಮೆದುವಾದ ಹೆಸರನ್ನು ಬಳಸಲು ರಾಜ್ಯಗಳಿಗೆ ಅವಕಾಶವಾಯಿತು. ನಿರ್ದಿಷ್ಟ ರೋಗದ ಹೆಸರಿಲ್ಲದೆಯೂ ಸೇವೆ ಸಿಗುವಂತಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಹುಡುಕುವುದು ಸರ್ಕಾರದ ಕರ್ತವ್ಯವಾದರೂ ಒಪ್ಪುವುದು ಪೋಷಕರ ಇಷ್ಟ. ಅವರ ಸಹಿ ಇಲ್ಲದೆ ಸೇವೆ ಶುರುವಾಗುವಂತಿಲ್ಲ. ಬಾಗಿಲು ತಟ್ಟುವ ಹೊಣೆ ಒಬ್ಬರದು, ತೆರೆಯುವ ಹಕ್ಕು ಇನ್ನೊಬ್ಬರದು. ಈ ಜೋಡಣೆಯನ್ನು ನಾನು ಕಾನೂನಿನ ಇಡೀ ಬರಹದಲ್ಲಿ ಅತ್ಯಂತ ಜಾಣತನದ ಭಾಗವೆಂದು ಎಣಿಸುತ್ತೇನೆ.

ಕಾಗದದ ಮೇಲಿನ ಹಕ್ಕು ಓದಿದವರಿಗೆ, ಬಿಡುವಿದ್ದವರಿಗೆ ಮಾತ್ರ ದಕ್ಕುತ್ತದೆ ಎಂಬ ದೂರನ್ನು ತಳ್ಳಿಹಾಕಲು ನನ್ನಲ್ಲಿ ಉತ್ತರವಿಲ್ಲ. ಮೂರನೇ ಹುಟ್ಟುಹಬ್ಬದಂದು ಮಗು ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟುವಾಗ ಮನೆಗೆ ಬರುತ್ತಿದ್ದ ಥೆರಪಿಸ್ಟ್ ನಿಲ್ಲುತ್ತಾಳೆ, ಶಾಲೆಯ ಕಾಗದಪತ್ರ ಶುರುವಾಗುತ್ತದೆ. ಪರೀಕ್ಷೆಗೆ 60 ದಿನ, ಆಮೇಲೆ ಸಭೆ, ಐಇಪಿ ಎಂಬ ಯೋಜನಾಪತ್ರದ ಹತ್ತಾರು ಪುಟ. ಈ ದಾರಿಯನ್ನು ಕಡತ ಹಿಡಿದು ನಡೆಯಬಲ್ಲವರು ಮುಂದೆ ಹೋಗುತ್ತಾರೆ, ಎರಡು ಪಾಳಿ ದುಡಿಯುವ ತಾಯಿ ಹಿಂದೆ ಉಳಿಯುತ್ತಾಳೆ. ಆದರೆ ಈ ವ್ಯವಸ್ಥೆ ಎಲ್ಲಿ ದೊಡ್ಡದಾಗಿ ಕುಸಿಯಿತು ಎಂದು ನೋಡಿದರೆ ಅಲ್ಲೂ ಮುರಿದದ್ದು ಅದೇ ಕೀಲು. ಟೆಕ್ಸಸ್ ರಾಜ್ಯ 2004ರಿಂದ ಶಾಲಾ ಮಂಡಳಿಗಳಿಗೆ ವಿಶೇಷ ಶಿಕ್ಷಣದಲ್ಲಿರುವ ಮಕ್ಕಳು ನೂರಕ್ಕೆ 8.5ನ್ನು ಮೀರದಿರಲಿ ಎಂಬ ಗುರಿ ಇಟ್ಟಿತ್ತು. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಅದನ್ನು ಬಯಲಿಗೆಳೆಯಿತು. ರಾಜ್ಯ ಯಾರನ್ನೂ ಬಹಿರಂಗವಾಗಿ ಹೊರಹಾಕಿರಲಿಲ್ಲ. ಹುಡುಕುವುದನ್ನು ನಿಲ್ಲಿಸಿತ್ತು, ಅಷ್ಟೆ. 2018ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಇಲಾಖೆ ಟೆಕ್ಸಸ್ ತಪ್ಪಿತಸ್ಥ ಎಂದಾಗ ಎತ್ತಿ ಹೇಳಿದ ದೋಷಗಳಲ್ಲಿ ಮೊದಲಿನದು ಅದೇ, ಮಕ್ಕಳನ್ನು ಗುರುತಿಸದೆ ಹೋದದ್ದು.

ಭಾರತದ ಚಿತ್ರವನ್ನು ಇದರ ಪಕ್ಕಕ್ಕೆ ಇಟ್ಟರೆ ಅಮೆರಿಕದ 1975ರ ನೆನಪು ಬಾರದಿರದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 31ನೇ ಸೆಕ್ಷನ್ ಉಚಿತ ಶಿಕ್ಷಣದ ಹಕ್ಕನ್ನು ಕೊಡುವುದು 6ರಿಂದ 18ರವರೆಗೆ. ಆರಕ್ಕೆ ಮುಂಚಿನ ಶಿಕ್ಷಣ ಸಂವಿಧಾನದ 45ನೇ ವಿಧಿಯಲ್ಲಿ ಇದೆ, ಆದರೆ ಅದು ನಿರ್ದೇಶಕ ತತ್ವ. ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ, ಕೊಡಲೇಬೇಕು ಎನ್ನುವುದಿಲ್ಲ. ಹುಡುಕುವ ಕೆಲಸ ಮಾತ್ರ ಬೇರೊಂದು ಇಲಾಖೆಯಲ್ಲಿ ನಡೆಯುತ್ತಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು, ಕಿವಿ, ಕಣ್ಣು, ಮಾತು, ನಡಿಗೆಯ ತೊಡಕುಗಳೂ ಸೇರಿ ಹಲವು ಬಗೆಯ ಸಮಸ್ಯೆಗಳಿಗೆ ಮಕ್ಕಳನ್ನು ತಪಾಸಣೆ ಮಾಡಬೇಕು. ತೊಡಕು ಕಂಡವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಕಳಿಸಬೇಕು. 2023ರ ನವೆಂಬರ್‌ನಲ್ಲಿ ಅಂಗವೈಕಲ್ಯವಿರುವ ಮಕ್ಕಳಿಗಾಗಿ ಅಂಗನವಾಡಿಯ ಕಾರ್ಯವಿಧಾನವೊಂದನ್ನೂ ಕೇಂದ್ರ ಹೊರಡಿಸಿತು. ಹೀಗೆ ಮೂರರ ಮಗುವಿನ ಹೆಸರು ಆರೋಗ್ಯ ಇಲಾಖೆಯ ರಿಜಿಸ್ಟರಿಗೆ ಏರುತ್ತದೆ, ತಾಯಿಯ ಕೈಗೆ ಜಿಲ್ಲಾಸ್ಪತ್ರೆಯ ಚೀಟಿ ಬರುತ್ತದೆ. ಶಾಲೆಯನ್ನು ಹಕ್ಕಿನಿಂದ ಕೇಳಬಹುದಾದ ದಿನ ಬರುವುದು ಅದಾಗಿ ಮೂರು ವರ್ಷಕ್ಕೆ.